ರಜೆಯ ದಿನಗಳಲ್ಲಿ ರೂಪುಗೊಂಡ ನಾಟಕಕಾರ: ಟಿ.ಪಿ. ಕೈಲಾಸಂ



ಪ್ರತಿವರ್ಷ ಜೂನ್ ತಿಂಗಳು ಬಂತೆಂದರೆ ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಎಷ್ಟೋ ಮಕ್ಕಳು ಪೆಟ್ಟಿಗೆ, ಹಾಸಿಗೆ ಕಟ್ಟಿಕೊಂಡು ರಾಯಚೂರು, ಕಲಬುರಗಿ, ಬೆಂಗಳೂರುಗಳ ಹಾಸ್ಟೆಲ್ಲುಗಳಿಗೆ ಹೊರಡುತ್ತಾರೆ. ಕೆಲವರು ಸಮುದ್ರದಾಚೆಗೂ ಹೋಗುತ್ತಿದ್ದಾರೆ. ಮನೆಯಿಂದ ಫೋನು ಮಾಡುವ ತಂದೆತಾಯಿಗಳು ಪರೀಕ್ಷೆ ಯಾವಾಗ, ಅಂಕ ಎಷ್ಟು ಬಂದವು, ಊಟ ಸರಿಯಾಗಿದೆಯೇ ಎಂದು ವಿಚಾರಿಸುತ್ತಾರೆ. ಭಾನುವಾರ ಎಲ್ಲಿಗೆ ಹೋಗಿದ್ದೆ, ಜೊತೆಗೆ ಯಾರಿದ್ದರು ಎಂದು ಕೇಳುವಾಗ ಮಾತ್ರ ದನಿ ಸ್ವಲ್ಪ ಬದಲಾಗುತ್ತದೆ. ಓದಲು ಕಳಿಸಿದ ಹಣ ಅಡ್ಡಾಡಲು ಖರ್ಚಾಗುತ್ತಿದೆಯೇನೋ ಎಂಬ ಅಳುಕು ಅದು. ಹೆತ್ತವರ ಈ ಅಳುಕನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ನೂರು ವರ್ಷಗಳಿಗೂ ಹಿಂದೆ ಕಲ್ಲು ಮಣ್ಣಿನ ಶಾಸ್ತ್ರ ಓದಲು ಲಂಡನ್ನಿಗೆ ಹೋದ ಒಬ್ಬ ಕನ್ನಡ ನಾಡಿನ ವಿದ್ಯಾರ್ಥಿಯ ಕಥೆಯನ್ನು ನಿಮ್ಮ ಮುಂದೆ ಇಡಬೇಕೆನಿಸಿದೆ. ಅವರ ರಜೆಯ ದಿನಗಳು ಅವರಿಗೆ ಏನು ಕೊಟ್ಟವು, ಅವರಿಂದ ಏನು ಕಸಿದುಕೊಂಡವು ಎಂಬುದನ್ನು ಓದಿ ನೀವೇ ತೂಗಿ ನೋಡಿ.

ಅವರೇ ತ್ಯಾಗರಾಜ ಪರಮಶಿವ ಕೈಲಾಸಂ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಅವರ ನಾಟಕಗಳನ್ನು ನೋಡಿ ನಕ್ಕವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆ ನಾಟಕಗಳನ್ನು ಕಟ್ಟಿದವರು ಭೂಗರ್ಭ ಶಾಸ್ತ್ರಜ್ಞರಾಗಿದ್ದರು ಎಂಬುದು ಮಾತ್ರ ಅನೇಕರಿಗೆ ಗೊತ್ತಿರುವುದಿಲ್ಲ.

ಕೈಲಾಸಂ ಹುಟ್ಟಿದ್ದು 1884ರ ಜುಲೈ 29ರಂದು. ತಂದೆ ಟಿ. ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು, ತಾಯಿ ಕಮಲಮ್ಮ. ಮನೆಮಾತು ತಮಿಳು. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ನಿಸಾರ್ ಅಹಮದ್ ಅವರದು ಉರ್ದು. ಮನೆಯಲ್ಲಿ ಬೇರೆ ಭಾಷೆ ಆಡುವ ಮಗುವಿಗೆ ಕನ್ನಡ ಕಷ್ಟ ಎಂದು ಮೊದಲೇ ತೀರ್ಮಾನಿಸಿ ಕೈಚೆಲ್ಲುವ ಪಾಲಕರು ಈ ಹೆಸರುಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ತಂದೆ ಪರಮಶಿವ ಅಯ್ಯರ್ ಸಾಮಾನ್ಯ ವ್ಯಕ್ತಿಯಲ್ಲ. ನ್ಯಾಯಾಲಯದ ಕೆಲಸದ ನಡುವೆಯೂ ಭೂಗರ್ಭ ಶಾಸ್ತ್ರದಲ್ಲಿ ಆಳವಾದ ಆಸಕ್ತಿ ಬೆಳೆಸಿಕೊಂಡಿದ್ದ ಅವರು ಋಗ್ವೇದದ ಮಂತ್ರಗಳಿಗೆ ಭೂಮಿಯ ಉತ್ಪತ್ತಿಯ ದೃಷ್ಟಿಯಿಂದ ಅರ್ಥ ಹೇಳುವ ಒಂದು ಇಂಗ್ಲಿಷ್ ಗ್ರಂಥವನ್ನೇ ಬರೆದು 1911ರಲ್ಲಿ ಪ್ರಕಟಿಸಿದರು. ಇಂಥ ತಂದೆಯ ಮಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂಗರ್ಭ ಶಾಸ್ತ್ರ ಓದಿದ್ದರಲ್ಲಿ ಆಶ್ಚರ್ಯವಿಲ್ಲ. ಓದಿನಲ್ಲಿ ಚುರುಕಾಗಿದ್ದುದರಿಂದ ಸರ್ಕಾರದ ವಿದ್ಯಾರ್ಥಿವೇತನವೂ ದೊರೆಯಿತು. 1909ರ ಸುಮಾರಿಗೆ ಕೈಲಾಸಂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್ ಸೇರಿದರು. ಆಗ ವಯಸ್ಸು ಇಪ್ಪತ್ತೈದರ ಆಸುಪಾಸು.

ಆ ಕಾಲೇಜು ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ ಬಡಾವಣೆಯಲ್ಲಿತ್ತು. 1907ರಲ್ಲಿ ಸ್ಥಾಪನೆಯಾದ ಇಂಪೀರಿಯಲ್ ಕಾಲೇಜಿನ ಒಂದು ಅಂಗವಾಗಿತ್ತು. ಅದೇ ವಿದ್ಯಾಸಂಸ್ಥೆಯಲ್ಲಿ ಅದಕ್ಕೂ ಇಪ್ಪತ್ತು ವರ್ಷ ಮೊದಲು ಎಚ್.ಜಿ. ವೆಲ್ಸ್ ಎಂಬ ತರುಣ ಓದುತ್ತಿದ್ದ. ಆತ 1887ರ ಅಂತಿಮ ಪರೀಕ್ಷೆಯಲ್ಲಿ ನಪಾಸಾದ. ಯಾವ ವಿಷಯದಲ್ಲಿ ಗೊತ್ತೇ? ಭೂಗರ್ಭ ಶಾಸ್ತ್ರದಲ್ಲಿ. ಮುಂದೆ ಆತನೇ ಜಗತ್ತಿನ ಪ್ರಸಿದ್ಧ ಲೇಖಕರಲ್ಲಿ ಒಬ್ಬನಾದ. ನಮ್ಮ ಕೈಲಾಸಂ ಹಾಗೆ ನಪಾಸಾದವರಲ್ಲ. ಓದನ್ನೂ ಮುಗಿಸಿದರು, ರಾಯಲ್ ಜಿಯೊಗ್ರಾಫಿಕಲ್ ಸೊಸೈಟಿಯ ಫೆಲೋ ಎಂಬ ಗೌರವವನ್ನೂ ಪಡೆದರು. ಆದರೆ ಅವರ ಮನಸ್ಸನ್ನು ಕಾಲೇಜಿನ ಪ್ರಯೋಗಶಾಲೆಗಿಂತ ಹೆಚ್ಚಾಗಿ ಹಿಡಿದಿಟ್ಟದ್ದು ಲಂಡನ್ನಿನ ಬೀದಿ.

ಭಾರತೀಯ ವಿದ್ಯಾರ್ಥಿಗಳಿಗೆ ಅದು ಸುಲಭದ ಕಾಲವಾಗಿರಲಿಲ್ಲ ಎಂಬುದನ್ನು ಮರೆಯಬಾರದು. 1909ರ ಜುಲೈ 1ರಂದು ಅದೇ ಸೌತ್ ಕೆನ್ಸಿಂಗ್‌ಟನ್ನಿನ ಇಂಪೀರಿಯಲ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿ ಮದನಲಾಲ್ ಧಿಂಗ್ರಾ ಎಂಬ ವಿದ್ಯಾರ್ಥಿ ಕರ್ಜನ್ ವೈಲಿ ಎಂಬ ಅಧಿಕಾರಿಯನ್ನು ಗುಂಡಿಟ್ಟು ಕೊಂದ. ಅಂದಿನಿಂದ ಕಪ್ಪು ಮುಖದ ವಿದ್ಯಾರ್ಥಿ ಎಂದರೆ ಸರ್ಕಾರಕ್ಕೆ ಸಂಶಯ. ಮರುವರ್ಷ ಕ್ರಾಮ್ವೆಲ್ ರಸ್ತೆಯ 21ನೇ ನಂಬರಿನ ಮನೆಯಲ್ಲಿ ಭಾರತೀಯ ವಿದ್ಯಾರ್ಥಿಗಳಿಗಾಗಿ ಮಾಹಿತಿ ಕಚೇರಿ, ತಂಗುವ ವ್ಯವಸ್ಥೆ ಎಲ್ಲ ಆಯಿತು. ಅದು ಸಹಾಯಕ್ಕೋ ಕಾವಲಿಗೋ ಎಂಬ ಗುಮಾನಿ ವಿದ್ಯಾರ್ಥಿಗಳಲ್ಲಿ ಇದ್ದೇ ಇತ್ತು. ತರಗತಿಯಲ್ಲಿ ಕೂತ ವಿದ್ಯಾರ್ಥಿಯಿಂದ ಯಾರಿಗೂ ಭಯವಿರಲಿಲ್ಲ. ಬಿಡುವಿನ ವೇಳೆಯಲ್ಲಿ ಅವನು ಯಾರ ಜೊತೆ ಕೂಡುತ್ತಾನೆ ಎಂಬುದೇ ಸರ್ಕಾರದ ಚಿಂತೆಯಾಗಿತ್ತು. ಒಂದು ಅರ್ಥದಲ್ಲಿ ಅದು ನಮ್ಮ ಪಾಲಕರ ಚಿಂತೆಯೇ!

ಇನ್ನು ಆ ಊರಿನ ವಾರಾಂತ್ಯದ ವಿಚಾರ. ಶನಿವಾರ ಮಧ್ಯಾಹ್ನಕ್ಕೆ ಕೆಲಸ ಮುಗಿಸಿ ಮನೆಗೆ ಹೋಗುವ ಪದ್ಧತಿ ಇಂಗ್ಲೆಂಡಿನಲ್ಲಿ ಆಗಲೇ ಬೇರೂರಿತ್ತು. ಮಧ್ಯಾಹ್ನ ಊಟವಾದ ಮೇಲೆ ಕಾರ್ಮಿಕರು, ಗುಮಾಸ್ತರು, ವಿದ್ಯಾರ್ಥಿಗಳು ಎಲ್ಲರೂ ಹೊರಡುತ್ತಿದ್ದುದು ಫುಟ್‌ಬಾಲ್ ಮೈದಾನಕ್ಕೆ. 1905ರಲ್ಲಿ ಹುಟ್ಟಿದ ಚೆಲ್ಸಿ ಕ್ಲಬ್ಬಿನ ಮೈದಾನ ಕೈಲಾಸಂ ಓದುತ್ತಿದ್ದ ಕಾಲೇಜಿನಿಂದ ಬಹಳ ದೂರವೇನಿಲ್ಲ. ಕೈಲಾಸಂ ಬರಿ ನೋಡುಗರಾಗಿರಲಿಲ್ಲ, ಸ್ವತಃ ಒಳ್ಳೆಯ ಆಟಗಾರರು. ಗಟ್ಟಿಮುಟ್ಟಾದ ಮೈಕಟ್ಟು, ಎಲ್ಲರೊಡನೆ ಬೆರೆಯುವ ಸ್ವಭಾವ. ಚೆಂಡು ಒದೆಯಲು ಬಂದವನಿಗೆ ಮೈದಾನದಲ್ಲಿ ಜಾತಿ, ಬಣ್ಣ ಕೇಳುವವರು ಕಡಿಮೆ. ಒಬ್ಬ ಪರದೇಶಿ ತರುಣನಿಗೆ ಸ್ನೇಹಿತರು ಸಿಗಬೇಕಾದರೆ ಆಟಕ್ಕಿಂತ ಹತ್ತಿರದ ದಾರಿ ಇಲ್ಲ. ಭಾಷೆ ಕಲಿಯುವುದಕ್ಕೂ ಅದೇ ಹತ್ತಿರದ ದಾರಿ ಎಂದು ಶಿಕ್ಷಕನಾಗಿ ನಾನು ಧೈರ್ಯವಾಗಿ ಹೇಳಬಲ್ಲೆ. ಪುಸ್ತಕದ ಇಂಗ್ಲಿಷ್ ಬೇರೆ, ಆಟದಲ್ಲಿ ಕೂಗಾಡುವ ಇಂಗ್ಲಿಷ್ ಬೇರೆ. ಈ ಎರಡನೆಯ ಇಂಗ್ಲಿಷಿಗೆ ಕೈಲಾಸಂ ಅವರ ಕಿವಿ ಅಲ್ಲಿ ಚೆನ್ನಾಗಿ ಪಳಗಿತು.

ಸಂಜೆಯಾದರೆ ನಾಟಕ. ಒಂದು ಸ್ವಾರಸ್ಯ ನೋಡಿ. ಲಂಡನ್ನಿನ ಭೂಗರ್ಭ ವಸ್ತುಸಂಗ್ರಹಾಲಯ 1935ರವರೆಗೂ ಇದ್ದದ್ದು ಜರ್ಮಿನ್ ಬೀದಿಯಲ್ಲಿ. ಅಲ್ಲಿಂದ ನಾಲ್ಕು ಹೆಜ್ಜೆ ಹಾಕಿದರೆ ಲಂಡನ್ನಿನ ಹೆಸರಾಂತ ನಾಟಕಶಾಲೆಗಳ ಸಾಲು. ಕಲ್ಲು ನೋಡಲು ಹೋದ ವಿದ್ಯಾರ್ಥಿಗೆ ನಾಟಕ ದಾರಿಯಲ್ಲೇ ಕಾದು ನಿಂತಿತ್ತು! ಹಣವಂತರು ಕೆಳಗೆ ಮೆತ್ತನೆಯ ಕುರ್ಚಿಗಳಲ್ಲಿ ಕೂರುತ್ತಿದ್ದರು. ವಿದ್ಯಾರ್ಥಿಗಳು ಬೀದಿಯಲ್ಲಿ ಸಾಲು ನಿಂತು ಅಗ್ಗದ ಟಿಕೆಟು ಕೊಂಡು ಮೇಲಿನ ಗ್ಯಾಲರಿಗೆ ಹತ್ತುತ್ತಿದ್ದರು. ಬರ್ನಾರ್ಡ್ ಷಾ, ಗಾಲ್ಸ್‌ವರ್ದಿ ಮೊದಲಾದವರ ಹೊಸ ಬಗೆಯ ನಾಟಕಗಳ ಕಾಲ ಅದು. ಗಾಲ್ಸ್‌ವರ್ದಿಯ ಕಾರ್ಖಾನೆ ಮುಷ್ಕರದ ನಾಟಕ ಬಂದದ್ದು 1909ರಲ್ಲಿ, ಜೈಲಿನ ಏಕಾಂತ ಶಿಕ್ಷೆಯ ಮೇಲಿನ ನಾಟಕ 1910ರಲ್ಲಿ, ಷಾ ಅವರ ಪಿಗ್ಮೇಲಿಯನ್ ಲಂಡನ್ನಿನ ರಂಗಕ್ಕೆ ಬಂದದ್ದು 1914ರ ಏಪ್ರಿಲ್ 11ರಂದು, ಅದೂ ಶನಿವಾರವೇ. ಹೂ ಮಾರುವ ಹುಡುಗಿಯೊಬ್ಬಳ ಮಾತಿನ ಧಾಟಿಯನ್ನು ಬದಲಿಸಿದರೆ ಸಮಾಜದಲ್ಲಿ ಅವಳ ಸ್ಥಾನವೇ ಬದಲಾಗುತ್ತದೆ ಎಂಬುದು ಆ ನಾಟಕದ ಕಥೆ. ಇಂಥ ಗಾಳಿ ಬೀಸುತ್ತಿದ್ದ ಊರಿನಲ್ಲಿ ಕೈಲಾಸಂ ಐದಾರು ವರ್ಷ ಇದ್ದರು.

ಇದರ ಮಹತ್ವ ತಿಳಿಯಬೇಕಾದರೆ ಆಗಿನ ಕನ್ನಡ ರಂಗಭೂಮಿಯನ್ನು ನೆನೆಯಬೇಕು. ವರದಾಚಾರ್ಯರು, ಗುಬ್ಬಿ ಕಂಪನಿಯವರು ಆಡುತ್ತಿದ್ದ ನಾಟಕಗಳು ವೈಭವದವು. ರಾಜ, ರಾಣಿ, ದೇವತೆಗಳು, ರಾತ್ರಿಯಿಡೀ ಹಾಡು, ಪುಸ್ತಕದ ಭಾಷೆ. ಆ ಕಲಾವಿದರ ಮೇಲೆ ಕೈಲಾಸಂ ಅವರಿಗೆ ಗೌರವವಿತ್ತು. ಆದರೆ ಲಂಡನ್ನಿನ ಗ್ಯಾಲರಿಯಲ್ಲಿ ಕೂತು ಅವರು ನೋಡಿದ್ದು ಬೇರೆ. ಪರದೆ ಎದ್ದರೆ ಒಂದು ಸಾಧಾರಣ ಮನೆಯ ನಡುಮನೆ, ನಾಲ್ಕು ಕುರ್ಚಿ, ಗಂಡ ಹೆಂಡತಿಯ ಜಗಳ, ಮಗನ ಓದಿನ ಚಿಂತೆ. ಮನೆಯಲ್ಲಿ ಆಡುವ ಮಾತೇ ರಂಗದ ಮೇಲೂ. ಇದನ್ನು ನಮ್ಮ ಬೆಂಗಳೂರು, ಮೈಸೂರಿನ ಮನೆಗಳ ಮೇಲೆ ಏಕೆ ಬರೆಯಬಾರದು ಎಂಬ ಬೀಜ ಬಿದ್ದದ್ದು ಅಲ್ಲಿಯೇ.

ಭಾನುವಾರ ಮಾತ್ರ ಲಂಡನ್ ಮೌನವಾಗುತ್ತಿತ್ತು. ನಾಟಕಶಾಲೆಗಳಿಗೆ ಬಾಗಿಲು. ವಸ್ತುಸಂಗ್ರಹಾಲಯಗಳು 1896ರಿಂದ ಭಾನುವಾರ ಮಧ್ಯಾಹ್ನ ತೆರೆಯುತ್ತಿದ್ದವು, ಅಷ್ಟೇ. ಉಳಿದಂತೆ ಉದ್ಯಾನಗಳಲ್ಲಿ ಅಡ್ಡಾಟ. ಕಾಲೇಜಿನಿಂದ ನಡೆದೇ ಹೋಗಬಹುದಾದ ಹೈಡ್ ಪಾರ್ಕಿನ ಮೂಲೆಯಲ್ಲಿ ಯಾರು ಬೇಕಾದರೂ ನಿಂತು ಭಾಷಣ ಮಾಡಬಹುದಿತ್ತು. ಮಳೆ ಬಂದರೆ ಕೋಣೆಯಲ್ಲಿ ಸ್ನೇಹಿತರೊಡನೆ ಹರಟೆ, ಹಾಡು.

ಹಾಡಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಲಂಡನ್ನಿನಲ್ಲಿ ಮ್ಯೂಸಿಕ್ ಹಾಲ್ ಎಂಬ ಜನಸಾಮಾನ್ಯರ ರಂಜನೆಯ ಶಾಲೆಗಳಿದ್ದವು. ವೇದಿಕೆಯ ಮೇಲಿನ ಗಾಯಕ ಒಂದು ನುಡಿ ಹಾಡಿದರೆ ಪಲ್ಲವಿಯನ್ನು ಇಡೀ ಸಭೆಯೇ ಎತ್ತಿಕೊಳ್ಳುತ್ತಿತ್ತು. ನಮ್ಮ ಕಡೆಯ ಭಜನೆ, ಕವ್ವಾಲಿಗಳಲ್ಲಿ ಆಗುವಂತೆಯೇ ಅನ್ನಿ. ಈ ಹಾಡುಗಳು ಕೈಲಾಸಂ ಅವರಿಗೆ ಬಾಯಿಪಾಠವಾಗಿದ್ದವು. ಕಂಠ ಚೆನ್ನಾಗಿತ್ತು, ಅಭಿನಯ ಹುಟ್ಟಿನಿಂದಲೇ ಬಂದಿತ್ತು. ಗೆಳೆಯರ ಗುಂಪಿನಲ್ಲಿ ಅವರಿದ್ದರೆ ಬೇರೆ ಮನರಂಜನೆಯೇ ಬೇಕಿರಲಿಲ್ಲ.

ಜ್ಯಾಕ್ ಜಡ್ಜ್ ಎಂಬ ಗಾಯಕ 1912ರಲ್ಲಿ ಕಟ್ಟಿದ ಟಿಪ್ಪರರಿ ಎಂಬ ಹಾಡು ಆಗ ಹೆಸರು ಮಾಡಿತು. ಲಂಡನ್ನಿಗೆ ಬಂದ ಐರ್ಲೆಂಡಿನ ಬಡವನೊಬ್ಬ ತನ್ನೂರು ಟಿಪ್ಪರರಿಯನ್ನೂ ಅಲ್ಲಿ ಬಿಟ್ಟುಬಂದ ಹುಡುಗಿಯನ್ನೂ ನೆನೆದು ಕೊರಗುವ ತಮಾಷೆಯ ಹಾಡು ಅದು. 1914ರ ಆಗಸ್ಟಿನಲ್ಲಿ ಮಹಾಯುದ್ಧ ಶುರುವಾದಾಗ ಫ್ರಾನ್ಸಿಗೆ ಹೊರಟ ಸೈನಿಕರು ಇದನ್ನೇ ಹಾಡುತ್ತ ನಡೆದರು. ತಮಾಷೆಯ ಹಾಡು ಸಾವಿನ ದಾರಿಯ ಹಾಡಾಯಿತು. ಲಂಡನ್ನಿನ ಬೀದಿಬೀದಿಗಳಲ್ಲಿ ಅದು ಮೊಳಗುತ್ತಿದ್ದಾಗ ಕೈಲಾಸಂ ಇನ್ನೂ ಅಲ್ಲೇ ಇದ್ದರು. ಈ ಧಾಟಿಯನ್ನೇ ಅವರು ಕನ್ನಡಕ್ಕೆ ತಂದು ಟಿಪ್ಪರರಿಯನ್ನು ತಿಪ್ಪಾರಳ್ಳಿ ಮಾಡಿದರು! ಹೆಸರಿನ ಸದ್ದು ಅದೇ, ಊರು ಮಾತ್ರ ನಮ್ಮದು. ಹಳ್ಳಿ ಬಿಟ್ಟು ಬಂದವನ ಹಂಬಲ ಅಲ್ಲಿಯೂ ಒಂದೇ, ಇಲ್ಲಿಯೂ ಒಂದೇ. ಪರಊರಿನಲ್ಲಿ ಓದುವ ವಿದ್ಯಾರ್ಥಿ ಇಂಥ ಹಾಡನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ ಎಂದು ನನಗೆ ತೋರುತ್ತದೆ.

ಕೋಳೀಕೆ ರಂಗ ಎಂಬ ಅವರ ಇನ್ನೊಂದು ಹಾಡು ಇದಕ್ಕಿಂತಲೂ ಪ್ರಸಿದ್ಧ. ಕಾನ್‌ಸ್ಟಾಂಟಿನೋಪಲ್ ಎಂಬ ಊರಿನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹಾಡುವ ಇಂಗ್ಲಿಷ್ ಹಾಡೊಂದರ ಧಾಟಿ ಅದಕ್ಕೆ. ಹಳ್ಳಿಯ ರಂಗ ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುತ್ತಾನೆ. ಇಂಗ್ಲಿಷರ ಸ್ಪೆಲ್ಲಿಂಗಿಗೆ ಕನ್ನಡದ ದೀರ್ಘ, ಸೊನ್ನೆಗಳ ಉತ್ತರ. ಇದನ್ನು ಕೈಲಾಸಂ ಲಂಡನ್ನಿನಲ್ಲಿ ಗೆಳೆಯರ ಸವಾಲಿಗೆ ಉತ್ತರವಾಗಿ ಕಟ್ಟಿದರೆಂದು ಬಹಳ ಜನ ಬರೆದಿದ್ದಾರೆ. ಆದರೆ ಆ ಇಂಗ್ಲಿಷ್ ಹಾಡು ಬಂದದ್ದು 1928ರಲ್ಲಿ, ಅವರು ಲಂಡನ್ ಬಿಟ್ಟು ಹದಿಮೂರು ವರ್ಷಗಳಾದ ಮೇಲೆ. ಅಂದರೆ ಲಂಡನ್ನಿನಲ್ಲಿ ಅಂಟಿಕೊಂಡ ಅಭ್ಯಾಸ ನಲವತ್ತು ದಾಟಿದ ಮೇಲೂ ಅವರನ್ನು ಬಿಟ್ಟಿರಲಿಲ್ಲ ಎಂದಾಯಿತು. ಉರ್ದು ಮನೆಮಾತಿನ ಮಕ್ಕಳಿಗೆ ಕನ್ನಡದ ಕಾಗುಣಿತ ಕಲಿಸುವಾಗ ಹತ್ತು ಸಲ ಹಲಗೆಯ ಮೇಲೆ ಬರೆಸುವುದಕ್ಕಿಂತ ಈ ಹಾಡನ್ನು ಒಂದು ಸಲ ಹಾಡಿಸುವುದು ಮೇಲು. ಬೇಕಾದರೆ ಪರೀಕ್ಷಿಸಿ ನೋಡಿ.

ಉರ್ದು ಬಲ್ಲ ಓದುಗರಿಗೆ ಇಲ್ಲಿ ಅಕ್ಬರ್ ಇಲಾಹಾಬಾದಿಯವರ ನೆನಪು ಬಂದೇ ಬರುತ್ತದೆ. ಅವರೂ ನ್ಯಾಯಾಧೀಶರು. ಅವರ ಮಗ ಇಷ್ರತ್ ಹುಸೇನ್ ಕೂಡ ಓದಲು ಇಂಗ್ಲೆಂಡಿಗೆ ಹೋದವರು. ಅಲ್ಲಿನ ಗಾಳಿ ಸೋಕಿ ಮಗ ಮನೆಯ ಪ್ರೀತಿಯನ್ನು ಮರೆತನೆಂದು ಆ ತಂದೆ ಕವಿತೆಯನ್ನೇ ಬರೆದರು. ಅದು ನಗೆಯ ಕವಿತೆ, ಆದರೆ ಓದಿದರೆ ಗಂಟಲು ಕಟ್ಟುತ್ತದೆ. ಅಲಹಾಬಾದಿನ ನ್ಯಾಯಾಧೀಶರಿಗೂ ಮೈಸೂರಿನ ನ್ಯಾಯಾಧೀಶರಿಗೂ ಪರಿಚಯವಿತ್ತೋ ಇಲ್ಲವೋ, ಚಿಂತೆ ಮಾತ್ರ ಒಂದೇ ಆಗಿದ್ದಿರಬೇಕು. ಇನ್ನೂ ಒಂದು ಹೋಲಿಕೆ ಇದೆ. ಅಕ್ಬರ್ ತಮ್ಮ ಉರ್ದು ಕವಿತೆಗಳಲ್ಲಿ ಇಂಗ್ಲಿಷ್ ಪದಗಳನ್ನು ಬೇಕೆಂದೇ ತುರುಕಿ ಹೊಸ ನಾಗರಿಕತೆಯನ್ನು ಗೇಲಿ ಮಾಡಿದರು. ಅದೇ ಕೆಲಸವನ್ನು ಕನ್ನಡ ನಾಟಕದಲ್ಲಿ ಮಾಡಿದವರು ಕೈಲಾಸಂ.

ಮಗ ಬೇಗ ಓದು ಮುಗಿಸಿ ಬಂದು ದೊಡ್ಡ ಅಧಿಕಾರಿಯಾಗಬೇಕೆಂಬುದು ಮನೆಯವರ ನಿರೀಕ್ಷೆ. ಬೇಕಾದದ್ದಕ್ಕಿಂತ ಹೆಚ್ಚು ಕಾಲ ಲಂಡನ್ನಿನಲ್ಲಿ ಕಳೆದು 1915ರಲ್ಲಿ ಕೈಲಾಸಂ ತಾಯ್ನಾಡಿಗೆ ಮರಳಿದರು.

ಓದುಗರೇ, 1915 ಎಂದ ಕೂಡಲೇ ನಮ್ಮ ಭಾಗದವರಿಗೆ ಇನ್ನೊಂದು ಸಂಗತಿ ನೆನಪಾಗಬೇಕು. ಆಗ ನಮ್ಮ ಜಿಲ್ಲೆ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವನ್ನು ಕಂಡದ್ದು ಅದೇ ವರ್ಷ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇರುವ ಶಾಸನವಾದ್ದರಿಂದ ಅದು ಇತಿಹಾಸದ ಒಂದು ದೊಡ್ಡ ಒಗಟನ್ನೇ ಬಿಡಿಸಿತು. ಚಿನ್ನ ಹುಡುಕಲು ಹೋದವನಿಗೆ ಅಕ್ಷರ ಸಿಕ್ಕಿತು. ಕೈಲಾಸಂ ಅವರ ಕಥೆಯೂ ಹೆಚ್ಚು ಕಡಿಮೆ ಹೀಗೆಯೇ. ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯಲ್ಲಿ ಕೆಲಸ ಸಿಕ್ಕಿ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ದುಡಿದರು. ನಮ್ಮ ಹಟ್ಟಿಯಲ್ಲಿ ಇರುವಂಥದೇ ಪುರಾತನ ಶಿಲೆಗಳ ನಡುವೆ ಓಡಾಡಿದರು. ಆದರೆ ಮನಸ್ಸು ನಿಲ್ಲಲಿಲ್ಲ. ಐದಾರು ವರ್ಷಗಳಲ್ಲಿ ಸರ್ಕಾರಿ ನೌಕರಿಯನ್ನು ಬಿಟ್ಟೇಬಿಟ್ಟರು. ಲಂಡನ್ನಿನ ಪದವಿ, ವಿದ್ಯಾರ್ಥಿವೇತನ, ಕೈತುಂಬ ಸಂಬಳ ಎಲ್ಲವನ್ನೂ ಬದಿಗಿಟ್ಟು ನಾಟಕವನ್ನು ಹಿಡಿದರು. ಮುಂದೆ ಇದೇ ಭೂಗರ್ಭ ಶಾಸ್ತ್ರ ಓದಿ, ಕೆಲಕಾಲ ಇಲಾಖೆಯಲ್ಲಿ ದುಡಿದು, ಅದನ್ನೇ ಕಾಲೇಜಿನಲ್ಲಿ ಪಾಠ ಹೇಳುತ್ತ ಕವಿಯಾಗಿ ಬೆಳೆದವರು ನಿಸಾರ್ ಅಹಮದ್. ಕೈಲಾಸಂ ಅವರಿಗೆ ಆ ಸಮತೋಲನ ಸಾಧ್ಯವಾಗಲಿಲ್ಲ.

ನೌಕರಿಯಲ್ಲಿದ್ದಾಗಲೇ, 1918ರ ಸುಮಾರಿಗೆ ಬಂದ ನಾಟಕ ಟೊಳ್ಳುಗಟ್ಟಿ. ಒಂದು ಮನೆಯಲ್ಲಿ ಇಬ್ಬರು ಗಂಡುಮಕ್ಕಳು. ಒಬ್ಬ ಪರೀಕ್ಷೆಯಲ್ಲಿ ಪಾಸಾಗುವ ಜಾಣ, ತನ್ನ ಪುಸ್ತಕ ಬಿಟ್ಟರೆ ಅವನಿಗೆ ಬೇರೇನೂ ಕಾಣದು. ಇನ್ನೊಬ್ಬ ನಪಾಸಾದವನು, ಆದರೆ ಮನೆಯಲ್ಲಿ ಕಾಯಿಲೆಯವರಿಗೆ ನೀರು ಕೊಡುವುದರಿಂದ ಹಿಡಿದು ಎಲ್ಲದಕ್ಕೂ ಓಡಿ ಬರುವವನು ಅವನೇ. ತಂದೆಯ ಅಭಿಮಾನವೆಲ್ಲ ಪಾಸಾದವನ ಮೇಲೆ. ಇಬ್ಬರಲ್ಲಿ ಯಾರು ಟೊಳ್ಳು, ಯಾರು ಗಟ್ಟಿ ಎಂಬುದೇ ನಾಟಕ. ಪರೀಕ್ಷೆಗಳಲ್ಲಿ ಗೆದ್ದು ಲಂಡನ್ನಿನವರೆಗೆ ಹೋಗಿ ಬಂದ ವ್ಯಕ್ತಿ ಇದನ್ನು ಬರೆದರು ಎಂಬುದನ್ನು ಗಮನಿಸಿ. ಫಲಿತಾಂಶದ ದಿನ ನಮ್ಮೂರಿನ ಮನೆಮನೆಗಳಲ್ಲಿ ನಡೆಯುವುದು ಇಂದಿಗೂ ಇದೇ ನಾಟಕವಲ್ಲವೇ?

ಅನಂತರ ಒಂದರ ಹಿಂದೆ ಒಂದು ಬಂದವು. ಪೋಲಿ ಕಿಟ್ಟಿ, ಹೋಂರೂಲು, ಬಂಡ್ವಾಳಿಲ್ಲದ ಬಡಾಯಿ, ಅಮ್ಮಾವ್ರ ಗಂಡ, ನಮ್ ಕ್ಲಬ್ಬು ಹೀಗೆ. ಊರೆಲ್ಲ ಪೋಲಿ ಎನ್ನುವ ಹುಡುಗನೇ ಕಷ್ಟಕಾಲಕ್ಕೆ ಒದಗುವವನು ಎಂದು ತೋರಿಸುವ ಪೋಲಿ ಕಿಟ್ಟಿ ಶಿಕ್ಷಕರೆಲ್ಲ ಓದಬೇಕಾದ ನಾಟಕ. ಸ್ಕೌಟ್ ಚಳವಳಿಯ ಮೇಲೆ ಕೈಲಾಸಂ ಅವರಿಗಿದ್ದ ಪ್ರೀತಿಯೂ ಅದರಲ್ಲಿ ಕಾಣುತ್ತದೆ. ಬಹಿಷ್ಕಾರ ಎಂಬ ನಾಟಕದಲ್ಲಿ ನಗೆ ಇಲ್ಲವೇ ಇಲ್ಲ ಎನ್ನಬಹುದು. ಮಗಳು ಮೈನೆರೆಯುವ ಮೊದಲು ಮದುವೆ ಮಾಡಲಾಗಲಿಲ್ಲವೆಂದು ತಮ್ಮವರಿಂದಲೇ ಬಹಿಷ್ಕಾರಕ್ಕೆ ಒಳಗಾದ ಒಂದು ಬಡ ಬ್ರಾಹ್ಮಣ ಕುಟುಂಬದ ಸಂಕಟ ಅದು. ತನ್ನ ಸಮಾಜದ ಹುಣ್ಣನ್ನು ತಾನೇ ಬಿಚ್ಚಿ ತೋರಿಸಲು ಧೈರ್ಯ ಬೇಕು.

ಭಾಷೆಯ ಬಗ್ಗೆ ಪಂಡಿತರು ಗೊಣಗಿದರು. ಅವರ ಪಾತ್ರಗಳು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಆಡುತ್ತವೆ, ಪದಗಳನ್ನು ನುಂಗಿ ಆಡುತ್ತವೆ. ಇದು ಭಾಷೆಯನ್ನು ಕೆಡಿಸುವುದಲ್ಲವೇ ಎಂಬುದು ಆಕ್ಷೇಪ. ಆದರೆ ಬೆಂಗಳೂರಿನ ವಕೀಲರ, ಗುಮಾಸ್ತರ ಮನೆಗಳಲ್ಲಿ ಜನ ಆಡುತ್ತಿದ್ದುದೇ ಹಾಗೆ. ನಮ್ಮ ಸಿಂಧನೂರಿನ ಸಂತೆಗೆ ಒಮ್ಮೆ ಹೋಗಿ ಕಿವಿಗೊಟ್ಟು ಕೇಳಿ. ಕನ್ನಡ, ದಖನಿ ಉರ್ದು, ತುಂಗಭದ್ರಾ ಕಾಲುವೆಯ ಜೊತೆ ಬಂದ ಕ್ಯಾಂಪುಗಳ ತೆಲುಗು, ಪುನರ್ವಸತಿ ಕ್ಯಾಂಪುಗಳ ಬಂಗಾಳಿ, ಎಲ್ಲವೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಈ ಮಾತನ್ನು ಹೀಗೆಯೇ ಹಿಡಿದು ನಾಟಕ ಕಟ್ಟಬಲ್ಲ ಕೈಲಾಸಂ ನಮಗಿನ್ನೂ ಬರಬೇಕಾಗಿದೆ. ಕಲಬುರಗಿಯ ಸುಲೈಮಾನ್ ಖತೀಬರು ಕೇವಡೇ ಕಾ ಬನ್ ಸಂಕಲನದ ಕವಿತೆಗಳಲ್ಲಿ ದಖನಿಗೆ ಅಂಥ ಸೇವೆ ಮಾಡಿದ್ದಾರೆ, ನಾಟಕದ ಜಾಗ ಖಾಲಿಯಾಗಿಯೇ ಇದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಕಥೆ ಹೇಳಿದಂತಾಗುತ್ತದೆ. ಕೈಲಾಸಂ ಅವರ ಜೀವನ ಮಾದರಿ ಜೀವನವಲ್ಲ. ಸಿಗರೇಟು ಬೆರಳ ಸಂದಿಯಿಂದ ಇಳಿಯಲಿಲ್ಲ, ಕುಡಿತ ಬಿಡಲಿಲ್ಲ. ಹೆಂಡತಿ, ಮಕ್ಕಳು ಇದ್ದ ಸಂಸಾರ ಅವರ ಗಮನಕ್ಕೆ ಬಂದದ್ದು ಕಡಿಮೆ. ನಗೆ ಹಂಚಿದವರ ಮನೆಯಲ್ಲಿ ನಗೆ ಉಳಿಯಲಿಲ್ಲ. ಮನೆಯ ಹೊರಗಿನ ಒಂದು ಕೋಣೆಯಲ್ಲಿ ಪುಸ್ತಕ, ಧೂಳು, ಸಿಗರೇಟಿನ ತುಂಡುಗಳ ನಡುವೆ ಅವರು ಒಂಟಿಯಾಗಿ ವಾಸಿಸತೊಡಗಿದರು. ಅದಕ್ಕೆ ಇಟ್ಟ ಹೆಸರು ನೂಕ್, ಅಂದರೆ ಮೂಲೆ. ಗೆಳೆಯರೊಡನೆ ಹಾಡಿ ನಕ್ಕ ಲಂಡನ್ನಿನ ಶನಿವಾರ ಅವರ ಪಾಲಿಗೆ ಮುಗಿಯಲೇ ಇಲ್ಲ, ಸೋಮವಾರ ಬರಲೇ ಇಲ್ಲ. ರಜೆಯ ದಿನ ರಜೆಯಾಗಿರುವುದು ಅದರ ಹಿಂದೆ ಮುಂದೆ ಕೆಲಸದ ದಿನಗಳಿರುವುದರಿಂದ. ಈ ಮಾತನ್ನು ಅವರ ಅಭಿಮಾನಿಗಳು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ, ಆದರೆ ಅವರ ಮನೆಯವರ ಕಡೆಯಿಂದಲೂ ಒಮ್ಮೆ ನೋಡಬೇಕಲ್ಲ.

ಆ ಕೋಣೆಗೆ ಜನ ಬರುವುದು ಮಾತ್ರ ನಿಲ್ಲಲಿಲ್ಲ. ಸಂಜೆಯಾದರೆ ಕಾಲೇಜು ಹುಡುಗರು, ಹವ್ಯಾಸಿ ನಟರು, ಸಾಹಿತಿಗಳು ಸೇರುತ್ತಿದ್ದರು. ಕೈಲಾಸಂ ಕೂತು ಬರೆದವರಲ್ಲ, ಹೇಳಿದವರು. ಇಡೀ ನಾಟಕ ತಲೆಯಲ್ಲಿರುತ್ತಿತ್ತು, ಎಲ್ಲ ಪಾತ್ರಗಳ ದನಿಯಲ್ಲಿ ಆಡಿ ತೋರಿಸುತ್ತಿದ್ದರು. ಬಿ.ಎಸ್. ರಾಮರಾವ್ ಮೊದಲಾದ ಗೆಳೆಯರು ಪಕ್ಕದಲ್ಲಿ ಕೂತು ಬರೆದುಕೊಂಡಿದ್ದರಿಂದ ನಮಗೆ ಇಷ್ಟಾದರೂ ಉಳಿಯಿತು. ಆಡಿ ಗಾಳಿಗೆ ಹೋದದ್ದು ಇನ್ನೂ ಹೆಚ್ಚಿರಬೇಕು.

ಕನ್ನಡದಲ್ಲಿ ನಗಿಸಿದ ಇದೇ ಕೈಲಾಸಂ ಇಂಗ್ಲಿಷಿನಲ್ಲಿ ಬರೆಯುವಾಗ ಗಂಭೀರರು. ಕರ್ಣ, ಕೀಚಕ, ಏಕಲವ್ಯ ಅವರ ಇಂಗ್ಲಿಷ್ ನಾಟಕಗಳ ನಾಯಕರು. ಮಹಾಭಾರತದಲ್ಲಿ ಅನ್ಯಾಯಕ್ಕೆ ಗುರಿಯಾದವರು, ಬದಿಗೆ ತಳ್ಳಲ್ಪಟ್ಟವರು. ಗುರುವಿಲ್ಲದೆ ಕಲಿತು, ಕಲಿತದ್ದಕ್ಕೆ ಹೆಬ್ಬೆರಳನ್ನೇ ತೆತ್ತ ಏಕಲವ್ಯನ ಮೇಲೆ ಅವರಿಗೆ ವಿಶೇಷ ಮಮತೆ.

1945ರಲ್ಲಿ ಮದರಾಸಿನಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಲಾಯಿತು. ತಮಿಳು ಮನೆಮಾತಿನ, ಇಂಗ್ಲಿಷ್ ಬೆರೆಸಿ ಕನ್ನಡ ಕೆಡಿಸಿದರೆಂದು ಬೈಸಿಕೊಂಡ ಮನುಷ್ಯ, ತಾವು ಕಲ್ಲುಗಳ ಪಾಠ ಕಲಿತ ಅದೇ ಊರಿನಲ್ಲಿ ಕನ್ನಡಿಗರ ಅಧ್ಯಕ್ಷರಾಗಿ ಕೂತರು. ಮರುವರ್ಷ, 1946ರ ನವೆಂಬರ್ 23ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 62 ವರ್ಷ.